ಬಯಲಿನಲ್ಲಿ ಗೃಹಪ್ರವೇಶ

ನಾನು ಚಿಕ್ಕವಳಿದ್ದಾಗ ಕಾಗದಪತ್ರದ ಪ್ರಕಾರ ನಮ್ಮವ್ವ ದೊಡ್ಡ ಭೂಮಾಲಕಿ. ವಾಸ ಮಾತ್ರ ಬಾಡಿಗೆ ಮನೆಯಲ್ಲಿ. ಅಲ್ಲಿ ಗೋಡೆಗೆ ಒಂದು ಮೊಳೆ ಹೊಡೆಯಬೇಕೆಂದರೂ ಮನೆಯೊಡತಿಯ ಅಪ್ಪಣೆ ಬೇಕು, ಅವಳೋ ಜಪ್ಪಯ್ಯ ಅಂದರೂ ಕೊಡುವವಳಲ್ಲ.

ಇದಕ್ಕೆಲ್ಲ ಕಾರಣ ನಮ್ಮಪ್ಪ. ಕಂದಾಯ ಇಲಾಖೆಯಲ್ಲಿ ಶಿರಸ್ತೇದಾರರು. ಲಂಚ ಮುಟ್ಟಿದವರಲ್ಲ, ಅದನ್ನು ಕೇಳಲು ಅವರಿಗೆ ಪುರುಸೊತ್ತೇ ಇರಲಿಲ್ಲವೆಂದು ನನ್ನ ಅನುಮಾನ. ತಲೆತುಂಬ ಸೈಟುಗಳು. ಸರ್ಕಾರಿ ನೌಕರ ಸೈಟಿನ ವ್ಯಾಪಾರ ಮಾಡಿದರೆ ಚೆನ್ನಾಗಿ ಕಾಣುವುದಿಲ್ಲವೆಂದು ಎಲ್ಲವನ್ನೂ ಅವ್ವನ ಹೆಸರಿಗೆ ಕೊಳ್ಳುತ್ತಿದ್ದರು, ಅವ್ವನ ಸಹಿ ಹಾಕಿಸಿ ಮಾರುತ್ತಿದ್ದರು. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಎಂದು ವರ್ಗವಾದಲ್ಲೆಲ್ಲ ಮೊದಲು ಒಂದು ಬಾಡಿಗೆ ಮನೆ, ಆಮೇಲೆ ಊರಾಚೆ ಒಂದು ಸೈಟು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಘಾಟಿಗೆ ನಾನೂ ಅವ್ವನೂ ಸೀನಿ ಸುಸ್ತಾಗಿದ್ದರೆ, ಅಪ್ಪನ ಮೂಗಿಗೆ ಬಡಿಯುತ್ತಿದ್ದದ್ದು ಬೈಪಾಸ್ ರಸ್ತೆಯ ವಾಸನೆಯೊಂದೇ. ಆ ರಸ್ತೆ ಬಹಳ ಸಲ ಬೇರೆ ಕಡೆಯೇ ಹಾದುಹೋಯಿತು.

ಭಾನುವಾರ ಉಳಿದವರು ನೆಂಟರ ಮನೆಗೆ ಹೋದರೆ ನಾವು ಸ್ಕೂಟರಿನಲ್ಲಿ ಸೈಟಿಗೆ ಹೋಗುತ್ತಿದ್ದೆವು. ಅಪ್ಪ ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಮನೆ ಬರೆಯುತ್ತಿದ್ದರು. ಇದು ಪಡಸಾಲೆ, ಇದು ದೇವರ ಮನೆ, ಇದು ಅಡಿಗೆಮನೆ. ಅವ್ವ ಅಡಿಗೆಮನೆಯ ಗೆರೆಯೊಳಗೆ ಚಾಪೆ ಹಾಸಿ ರೊಟ್ಟಿಗಂಟು ಬಿಚ್ಚುತ್ತಿದ್ದಳು. ನಾನು ಗೆರೆ ಜಿಗಿದು ಓಡಿದರೆ, "ಗ್ವಾಡಿ ಹಾಯ್ದು ಎಲ್ಲಿ ಹೊಂಟಿ? ಬಾಗಲದಾಗಿಂದ ಹೋಗವಾ," ಎಂದು ಬೈಯುತ್ತಿದ್ದಳು. ಅಪ್ಪನಿಗೆ ಅದು ಗಿರಾಕಿಗೆ ತೋರಿಸುವ ನಕ್ಷೆ. ಅವ್ವನಿಗೆ ಅದು ಮನೆ. ಕಿಟಕಿ ಯಾವ ಕಡೆಗಿರಬೇಕೆಂದು ಅವಳು ವಾರವಿಡೀ ಯೋಚಿಸುವಷ್ಟರಲ್ಲಿ ರೇಟು ಏರಿ ಅಪ್ಪ ಸೈಟು ಮಾರಿಬಿಟ್ಟಿರುತ್ತಿದ್ದರು. ಆಮೇಲೆ ಕದರಮಂಡಲಗಿ ಹನುಮಪ್ಪನಿಗೆ ಕಾಯಿ ಒಡೆದು ಮತ್ತೊಂದನ್ನು ಹುಡುಕುತ್ತಿದ್ದರು. ಗುಡ್ಡವನ್ನೇ ಎತ್ತಿಕೊಂಡು ಬಂದವನಿಗೆ ಜಮೀನಿನ ವ್ಯವಹಾರ ಹೇಳಿಕೊಡಬೇಕೇ ಎನ್ನುವುದು ಅವರ ವಾದ.

ರಾಣೇಬೆನ್ನೂರಿನ ಮೇಡ್ಲೇರಿ ರಸ್ತೆಯ ಸೈಟು ಕೊಂಡಾಗ ಅಪ್ಪನ ನಿವೃತ್ತಿ ಹತ್ತಿರ ಬಂದಿತ್ತು, ನಾನು ಕಾಲೇಜಿನಲ್ಲಿದ್ದೆ. ಎದುರಿಗೊಂದು ಬೇವಿನ ಮರ. ಇಲ್ಲಿ ಮನೆಯಾಗದಿದ್ದರೆ ಇನ್ನೆಲ್ಲಿಯೂ ಆಗದೆಂದು ಅವ್ವನಿಗೆ ಗೊತ್ತಿತ್ತು. ಒಂದು ಸಂಜೆ ಅಪ್ಪ ಪೇಡೆ ತಂದರು.

"ಗಿರಾಕಿ ಸಿಕ್ಕಾನ. ರವಿವಾರ ಹೆಂಡ್ತಿನ್ನ ಕರ್ಕೊಂಡು ನೋಡಾಕ ಬರ್ತಾನ. ಸೋಮವಾರ ನೀ ಸಹಿಗೆ ಬರಬೇಕು."

"ಬರ್ತೇನ್ರಿ," ಎಂದು ಅವ್ವ ಪೇಡೆ ತಿಂದಳು. ನನಗೆ ಮೈಯೆಲ್ಲ ಉರಿಯಿತು. ಸಹಿ ಹಾಕುವುದಿಲ್ಲ ಅನ್ನಬಾರದಿತ್ತೇ ಎಂದು ಅಡಿಗೆಮನೆಯಲ್ಲಿ ಕೇಳಿದೆ.

"ಹಂಗಂದ್ರ ಮಂದ್ಯಾಗ ನಿಮ್ಮಪ್ಪನ ಮಾನ ಹೋಗ್ತೈತಿ. ನೀ ಸುಮ್ನಿರು," ಎಂದಳು.

ಭಾನುವಾರ ಅಪ್ಪ ಗಿರಾಕಿಯ ಕಾರಿನಿಂದ ಇಳಿದಾಗ ಸೈಟಿನಲ್ಲಿ ಗೃಹಪ್ರವೇಶ ನಡೆಯುತ್ತಿತ್ತು. ಎರಡು ಗೂಟಕ್ಕೆ ಮಾವಿನ ತೋರಣ. ಸುಣ್ಣದ ಹೊಸ್ತಿಲಿಗೆ ಅರಿಶಿನ ಕುಂಕುಮ. ಗೆರೆಯ ಪಡಸಾಲೆಯಲ್ಲಿ ನಮ್ಮ ಓಣಿಯ ಹೆಂಗಸರು, ಅಪ್ಪನ ಕಚೇರಿಯವರ ಹೆಂಡಂದಿರು ಹುಗ್ಗಿ ಉಣ್ಣಲು ಸಾಲಾಗಿ ಕುಳಿತಿದ್ದರು. ಅಡಿಗೆಮನೆಯಲ್ಲಿ ಮೂರು ಕಲ್ಲಿನ ಒಲೆ. ಅವ್ವ ರೇಷ್ಮೆ ಸೀರೆಯುಟ್ಟು ಪೂರ್ವಕ್ಕೆ ಮುಖಮಾಡಿ ಹಾಲು ಉಕ್ಕಿಸುತ್ತಿದ್ದಳು.

ಗಿರಾಕಿಯ ಹೆಂಡತಿ ಗೆರೆಯ ಹೊರಗೇ ನಿಂತುಬಿಟ್ಟಳು. "ಹಾಲ ಉಕ್ಕಿಸಿದ್ ಮ್ಯಾಲೆ ಇದು ಅವರ ಮನಿ ಆತು. ಇನ್ನೊಬ್ಬಾಕಿ ಒಲಿ ಕಿತ್ತು ನಾ ಸಂಸಾರ ಹೂಡಂಗಿಲ್ಲ."

"ಬರೇ ಬಯಲ ಐತಲ್ಲ ಇದು?" ಎಂದ ಅವಳ ಗಂಡ.

"ನಿಮಗ ಬಯಲ," ಎಂದಳು ಆಕೆ.

ಅವ್ವ ಸೆರಗು ಸರಿಮಾಡಿಕೊಂಡು ಎದ್ದು ಬಂದಳು. "ಹೊರಗ ಯಾಕ ನಿಂತೀರಿ? ಒಳಗ ಬರ್ರಿ. ಉಂಡು ಹೋಗ್ರಿ." ಆಕೆಗೆ ಉಡಿಯನ್ನೂ ತುಂಬಿದಳು. ಮಾರಬೇಕಾದ ಸೈಟಿನಲ್ಲಿ ಕೊಳ್ಳುವವರಿಗೇ ಊಟ. ಕಚೇರಿಯ ಸಾಹೇಬರ ಹೆಂಡತಿ ಅಪ್ಪನನ್ನು, "ಕಟ್ಟಡ ಯಾವಾಗ ಚಾಲೂ ಮಾಡ್ತೀರಿ?" ಎಂದು ಕೇಳಿದರು. ಅಷ್ಟು ಮಂದಿಯ ಮುಂದೆ ಅಪ್ಪ ಇನ್ನೇನು ಹೇಳಿಯಾರು? "ಲಗೂನ ಮಾಡ್ತೇವ್ರಿ," ಎಂದರು. ಆಮೇಲೆ ಚಪ್ಪಲಿ ಬಿಟ್ಟು, ಗೆರೆಯಲ್ಲಿ ಬಾಗಿಲು ಹುಡುಕಿ, ಅಲ್ಲಿಂದಲೇ ಒಳಗೆ ಬಂದರು. ನನಗೆ ಆವತ್ತಿನಷ್ಟು ಖುಷಿ ನನ್ನ ಮದುವೆಯಲ್ಲೂ ಆಗಲಿಲ್ಲ.

ಮನೆ ಆಯಿತು. ಒಳಗೆ ಕಾಲಿಟ್ಟ ದಿನ ಅವ್ವ ಮತ್ತೆ ಹಾಲು ಉಕ್ಕಿಸಲಿಲ್ಲ, ಒಮ್ಮೆ ಉಕ್ಕಿಸಿದ್ದು ಸಾಕೆಂದಳು. ಸುತ್ತಿಗೆ ತೆಗೆದುಕೊಂಡು ಗೋಡೆಗೆ ಮೊಳೆ ಹೊಡೆದಳು. ತೂಗುಹಾಕಲು ಏನೂ ಇರಲಿಲ್ಲ.

ಅಪ್ಪ ಈಗ ನಿವೃತ್ತರು. ಪಡಸಾಲೆಯಲ್ಲಿ ಕುಳಿತು ದಾರಿಹೋಕರನ್ನೆಲ್ಲ ಕುಪ್ಪೇಲೂರು ಕಡೆ ರೇಟು ಹೇಗಿದೆ ಎಂದು ವಿಚಾರಿಸುತ್ತಾರೆ. ಮೊನ್ನೆ ಒಬ್ಬ ಏಜೆಂಟ ಬಂದು ಈ ಮನೆಗೇ ಗಿರಾಕಿ ಇದ್ದಾನೆ ಎಂದ. ಅಪ್ಪನ ಕಣ್ಣು ಮಿನುಗಿದ್ದನ್ನು ನಾನೇ ನೋಡಿದೆ. ಏಜೆಂಟ ಸುತ್ತ ಕಣ್ಣಾಡಿಸಿ ತಲೆ ಕೆರೆದುಕೊಂಡ.

"ಗ್ವಾಡಿ ತುಂಬ ಮೊಳಿ ಹೊಡದೀರಲ್ರಿ. ರೇಟ್ ಕಮ್ಮಿ ಆಗ್ತೈತಿ."

ಒಳಗಿನಿಂದ ಟಕ್ ಟಕ್ ಸದ್ದು ಬರುತ್ತಿತ್ತು. ಅಪ್ಪ ಅತ್ತ ಕಿವಿಗೊಟ್ಟರು.

"ಆಗ್ಲಿ ಬಿಡ್ರಿ," ಎಂದರು. "ಚಾ ಕುಡಿದು ಹೋಗ್ರಿ."