ನನ್ನ ಕತೆಯ ತಪ್ಪು ಹಿಡಿದಾಕೆ

ಹುಮನಾಬಾದಿನಿಂದ ಹೊರಟ ಬಸ್ಸಿನಲ್ಲಿ ಪಕ್ಕದ ಹೆಂಗಸು ಓದುತ್ತಿದ್ದ ಪುಸ್ತಕ ನನ್ನದೇ. ಗುರುತಿಲ್ಲದವರು ನನ್ನ ಕತೆ ಓದುವುದನ್ನು ಅದುವರೆಗೆ ಕಂಡಿರಲಿಲ್ಲ. ಬರೆಯುವುದನ್ನೇ ಬಿಟ್ಟು ಎರಡು ವರ್ಷವಾಗಿತ್ತು. ತಡೆಯಲಾಗದೆ, "ಹ್ಯಾಂಗ ಅದರಿ ಪುಸ್ತಕ?" ಎಂದೆ.

"ಚೊಲೋ ಅದರಿ. ಆದ್ರ ಬರದಂವಗ ಕುರಿ ಗೊತ್ತಿಲ್ಲ. ನಾವು ಕುರಿ ಸಾಕಿದವರು. ತಾಯಿಕುರಿ ಬ್ಯಾರೆ ಮರಿಗಿ ಸುಮ್ಮ ಹಾಲ ಕುಡಸಂಗಿಲ್ಲ, ಮೂಸಿ ನೋಡಿ ಒದೀತದ."

"ಬರದಂವ ನಾನೇರಿ," ಎಂದೆ ಅಳುಕುತ್ತ.

ಆಕೆ ಪುಸ್ತಕ ನನ್ನ ಕೈಗಿಟ್ಟು, "ಹಂಗಾದ್ರ ತಿದ್ದರಿ," ಎಂದಳು.

ಕುಲುಕುವ ಬಸ್ಸಿನಲ್ಲೇ, ತಾಯಿಕುರಿ ಬೇರೆ ಮರಿಗೆ ಹಾಲೂಡಿಸುತ್ತದೆಂದು ಬರೆದಿದ್ದ ಸಾಲು ತಿದ್ದಿದೆ. ಆಕೆ ಓದಿ ನೋಡಿ, "ಈಗ ಖರೇ ಆತು," ಎಂದು ಮುಂದಿನ ಕತೆಗೆ ಹೊರಳಿದಳು. ಎಷ್ಟೋ ದಿನಗಳ ಮೇಲೆ ನಾನೂ ಲೇಖಕ ಅನ್ನಿಸಿ ಎದೆ ಉಬ್ಬಿತು.

ರಾಜೇಶ್ವರದಲ್ಲಿ ಇಳಿಯಬೇಕಾದವನು ಬಸವಕಲ್ಯಾಣದವರೆಗೆ ಮತ್ತೊಂದು ಟಿಕೆಟು ತೆಗೆಸಿದೆ. ಆಕೆ ಈಗ ಓದುತ್ತಿದ್ದ ಕತೆಯಲ್ಲಿ ಒಂದು ಎಮ್ಮೆ ಇತ್ತು.