ಬಿಡಿಸುತ್ತೇನೆ ಎಂದವನನ್ನು ಕೇಳುವುದು

ಹೊಸ ವರ್ಷದ ಆರಾಧನೆ ಮುಗಿದ ಮೇಲೆ ನಮ್ಮ ಚರ್ಚಿನ ಸಭೆಯಲ್ಲಿ ಒಂದು ತಟ್ಟೆ ಬರುತ್ತದೆ. ಅದರಲ್ಲಿ ಮಡಿಚಿಟ್ಟ ಚೀಟಿಗಳು, ಒಂದೊಂದರಲ್ಲೂ ಸತ್ಯವೇದದ ಒಂದೊಂದು ಮಾತು. ಕೈಗೆ ಬಂದದ್ದು ಆ ವರ್ಷಕ್ಕೆ ದೇವರು ನಮಗೆ ಕೊಟ್ಟ ವಾಗ್ದಾನ. ಆ ಸಲ ನನ್ನ ಅತ್ತೆ ಎರಡು ಎತ್ತಿಕೊಂಡರು, ತಮಗೊಂದು, ಮಗನಿಗೊಂದು. ಮಗ ಎಂದರೆ ನನ್ನ ಗಂಡ. ಅವರು ಲಿವರ್ ಕೆಟ್ಟು ಮಾದಾಪುರದ ಕಡೆಯ ಒಂದು ಆಸ್ಪತ್ರೆಯಲ್ಲಿ ಮಲಗಿದ್ದರು.

ನಾವಿರುವುದು ತೆಲುಗು ಸೀಮೆಯಲ್ಲಿ, ಸಭೆಯೂ ತೆಲುಗಿನದು. ಬೆಟಗೇರಿಯಲ್ಲಿ ಬೆಳೆದ ಅತ್ತೆಗೆ ಕನ್ನಡ ಬಿಟ್ಟರೆ ಬೇರೆ ಓದಲು ಬಾರದು. ಮಗನ ಚೀಟಿಯಲ್ಲಿದ್ದುದನ್ನು ಮಿಯಾಪುರದ ಮನೆಗೆ ಬರುವಾಗ ಆಟೊದಲ್ಲಿ ನಾನೇ ಹೇಳಿದೆ: ಕಷ್ಟ ಬಂದ ದಿನ ನನ್ನನ್ನು ಕೂಗು, ನಾನು ಬಿಡಿಸುತ್ತೇನೆ ಎಂದು ದೇವರು ಹೇಳುವ ಮಾತು. ಅತ್ತೆಯ ಕಣ್ಣಲ್ಲಿ ನೀರು ಬಂತೆಂದು ನನ್ನ ನೆನಪು. ಅತ್ತವಳು ನೀನು, ನಾನಲ್ಲ ಎಂದು ಅವರು ಈಗ ಹೇಳುತ್ತಾರೆ. ಇರಬಹುದು. ಆ ತಿಂಗಳುಗಳ ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ.

ಚೀಟಿಯನ್ನು ಅತ್ತೆ ಸಲೈನ್ ಸ್ಟ್ಯಾಂಡಿಗೆ ಅಂಟಿಸಿದರು. ನೋಡಲು ಬಂದ ಸಭೆಯವರೆಲ್ಲ ತಮ್ಮದೂ ಒಂದು ವಾಕ್ಯ ಹೇಳಿಹೋಗುತ್ತಿದ್ದರು. ಎಲ್ಲವೂ ಗುಣವಾಗುವ ವಾಕ್ಯಗಳೇ. ಗಂಡ ಪ್ರತಿಯೊಂದಕ್ಕೂ ಆಮೆನ್ ಎನ್ನುತ್ತಿದ್ದರು.

ನಾನು ಉಪವಾಸ ಹಿಡಿದೆ. ಮೊದಲು ಶುಕ್ರವಾರಗಳಂದು, ಆಮೇಲೆ ಮಂಗಳವಾರವೂ, ಕೊನೆಗೆ ದಿನಕ್ಕೆ ಒಂದೇ ಊಟ. ನಾನು ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳಿಕೊಡುವವಳು. ಹರಕೆಯೊಳಗೆ ಕೊಡು-ಕೊಳ್ಳುವ ಲೆಕ್ಕ ಹೇಗೆ ಕೆಲಸ ಮಾಡುತ್ತದೆ ಎಂದು ಪಾಠ ಮಾಡಿದವಳು. ಅದೇ ಲೆಕ್ಕ ನನ್ನ ಹೊಟ್ಟೆಯೊಳಗೆ ನಡೆಯುತ್ತಿದ್ದದ್ದು ನನಗೆ ಗೊತ್ತಿತ್ತೇ? ಗೊತ್ತಿತ್ತು ಅನಿಸುತ್ತದೆ. ಗೊತ್ತಿದ್ದೂ ಬಿಡಲಾಗಲಿಲ್ಲ. ಬದಲಿ ಜೋಡಿಸಲು ನನ್ನ ಲಿವರ್ ಹೊಂದುವುದಿಲ್ಲ, ಅತ್ತೆಗೆ ವಯಸ್ಸಾಗಿದೆ, ಬೇರೆಯವರದು ಸಿಗುವವರೆಗೆ ಕಾಯಬೇಕು ಎಂದು ಡಾಕ್ಟರು ಹೇಳಿದ್ದರು. ಕಾಯುವವಳ ಕೈಯಲ್ಲಿ ಬೇರೆ ಏನೂ ಇರಲಿಲ್ಲ.

ಒಂದು ಮಧ್ಯಾಹ್ನ ಮನೆಯಲ್ಲಿ ಅತ್ತೆಯ ಕನ್ನಡ ಸತ್ಯವೇದ ತೆಗೆದು ಆ ವಾಕ್ಯ ಇರುವ ಕೀರ್ತನೆಯನ್ನು ಹುಡುಕಿದೆ. ಅದರ ಆಚೆ ಈಚೆ ಇನ್ನೂ ಗಟ್ಟಿಯಾದ ಭರವಸೆ ಇದ್ದೀತು ಎಂಬ ಆಸೆ. ಸಿಕ್ಕಿದ್ದು ದೇವರ ಸಿಟ್ಟು. ನೀವು ಬಲಿ ಕೊಡುವ ಹೋರಿ ಹೋತಗಳು ನನಗೆ ಬೇಡ, ಕಾಡಿನ ಪ್ರಾಣಿಗಳೆಲ್ಲ ನನ್ನವೇ, ನನಗೆ ಹಸಿವಾದರೂ ನಿಮಗೆ ಹೇಳುವುದಿಲ್ಲ ಎಂದು ಅವನು ಗದರುತ್ತಿದ್ದ. ಅಷ್ಟೆಲ್ಲ ಗದರಿದ ಮೇಲೆ, ಕೂಗು, ಬಿಡಿಸುತ್ತೇನೆ ಎಂಬ ಮಾತು. ಚೀಟಿ ಮಾಡಿದವರು ಅದೊಂದನ್ನೇ ಕತ್ತರಿಸಿ ತಟ್ಟೆಗೆ ಹಾಕಿದ್ದರು. ನನಗೆ ಅವಮಾನವಾಯಿತು. ನನ್ನ ಹತ್ತಿರ ಇದ್ದದ್ದು ಹಸಿವೊಂದೇ. ಅದನ್ನೂ ಅವನು ಬೇಡವೆನ್ನುತ್ತಿದ್ದ.

ಮರುದಿನ ಪುಸ್ತಕವನ್ನು ಆಸ್ಪತ್ರೆಗೆ ಒಯ್ದು ಇಡೀ ಕೀರ್ತನೆಯನ್ನು ಗಂಡನಿಗೆ ಓದಿದೆ. ಸಿಟ್ಟಿನಿಂದಲೇ ಓದಿದೆ. ಅವರು ಹಳದಿಗಣ್ಣು ಮುಚ್ಚಿಕೊಂಡು ಕೇಳಿದರು. ಆಮೆನ್ ಅನ್ನಲಿಲ್ಲ.

"ಹಸಿವಾದ್ರೂ ನಿನಗ ಹೇಳಂಗಿಲ್ಲ ಅಂತಾನಲ್ಲ ಅವ," ಎಂದರು. "ನಿನ್ನ ಉಪಾಸ ತಗೊಂಡು ಅವ ಏನ್ ಮಾಡ್ಯಾನು? ಕ್ಯಾಂಟೀನಿಗೆ ಹೋಗಿ ಉಂಡು ಬಾ ಮೊದಲ."

ನಾನು ನಕ್ಕೆ. ಉಪ್ಪಿಟ್ಟು ತಂದು ಅವರ ಮುಂದೆಯೇ ತಿಂದೆ. ತಿನ್ನುತ್ತಿರುವಾಗ ಅವರು ಮೆಲ್ಲಗೆ ಇನ್ನೊಂದು ಮಾತು ಹೇಳಿದರು. "ನನಗ ಭಾಳ ಹೆದರಿಕಿ ಆಗಾಕತ್ತೈತಿ. ಅದನ್ನ ಹೇಳು ಅವಗ."

ಇದು ಅದೇ ದಿನವೋ ಬೇರೆ ದಿನವೋ, ಆಣೆ ಮಾಡಿ ಹೇಳಲಾರೆ. ಮಾತು ಮಾತ್ರ ಅವರದೇ. ಅಂದು ನಾವಿಬ್ಬರೂ ಮಾಡಿದ ಪ್ರಾರ್ಥನೆಯಲ್ಲಿ ಹರಕೆ ಇರಲಿಲ್ಲ, ವಾಕ್ಯ ಇರಲಿಲ್ಲ. ಹೆದರಿಕೆಯಾಗಿದೆ, ಬಿಡಿಸು. ಅಷ್ಟೇ. ಮದುವೆಯಾದಾಗಿನಿಂದ ನಾವು ಒಟ್ಟಿಗೆ ಮಾಡಿದ ಪ್ರಾರ್ಥನೆಗಳಲ್ಲಿ ಅದೇ ನಿಜವಾದದ್ದು ಎಂದು ಆಗ ಅನಿಸಿತ್ತು.

ಮಳೆ ಶುರುವಾಗುವಾಗ ಅವರು ತೀರಿಕೊಂಡರು.

ನೋವಿನಿಂದ ದೇವರು ಬಿಡಿಸಿದನಲ್ಲ ಎಂದು ಸಭೆಯವರು ಸಮಾಧಾನ ಹೇಳಿದರು. ನಾನು ಎದ್ದು ಒಳಗೆ ಹೋದೆ. ನನ್ನ ಗಂಡ ಕೂಗಿದ್ದು ಬದುಕುವುದಕ್ಕೆ. ಆ ಮಾತಿನ ಅರ್ಥವನ್ನು ಈಗ ಅನುಕೂಲಕ್ಕೆ ತಕ್ಕಂತೆ ತಿರುಗಿಸಿದರೆ ಅವರ ಹೆದರಿಕೆಯನ್ನೇ ಸುಳ್ಳು ಮಾಡಿದಂತೆ. ಅಂದಿನಿಂದ ನಾನು ಪ್ರಾರ್ಥನೆ ಬಿಟ್ಟೆ. ಅತ್ತೆಗೆ ಕಣ್ಣು ಮಂಜಾಗಿದ್ದರಿಂದ ಅವರಿಗೆ ಸತ್ಯವೇದ ಓದಿಹೇಳುವುದನ್ನು ಮಾತ್ರ ಬಿಡಲಾಗಲಿಲ್ಲ. ಸುದ್ದಿ ಓದುವವರ ಹಾಗೆ ದಿನಾ ಒಂದು ಅಧ್ಯಾಯ ಓದಿ ಮುಚ್ಚಿಡುತ್ತಿದ್ದೆ.

ಒಂದು ಸಂಜೆ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದ ಅತ್ತೆ ತಿರುಗಿ ನೋಡದೆಯೇ ಕೇಳಿದರು. "ನೀ ಕಲತಾಕಿ. ಹೇಳು. ಬಿಡಸ್ತೀನಿ ಅಂದಿದ್ದು ಖರೇನೋ, ಸುಳ್ಳೋ?"



"ನನಗ ಗೊತ್ತಿಲ್ಲರಿ, ಅತ್ತಿ."

"ಹಂಗಾರ ಅವನ್ನ ಕೇಳು. ಇಬ್ಬರೂ ಕೇಳೂಣು."

ಅದು ವಿಶ್ವಾಸದ ಮಾತೋ, ರೋಸಿಹೋದವರ ಮಾತೋ, ನನಗೆ ಇವತ್ತಿಗೂ ತಿಳಿದಿಲ್ಲ. ಅತ್ತೆ ಒಲೆ ಆರಿಸಿದರು. ಹಿಟ್ಟಿನ ಕೈಯಲ್ಲೇ ನನ್ನ ಮಣಿಕಟ್ಟು ಹಿಡಿದು, ಜಗಳಕ್ಕೆ ನಿಂತವರ ದನಿಯಲ್ಲಿ, ಯಾಕ ಬಿಡಸ್ಲಿಲ್ಲ ಎಂದು ದೇವರನ್ನು ಕೇಳತೊಡಗಿದರು. ಯಾಕೆ ಬಿಡಿಸಲಿಲ್ಲ ಎಂದು ನಾನೂ ಕೇಳಿದೆ.