ಹರಪನಹಳ್ಳಿಯಿಂದ ಹನ್ನೆರಡು ರೊಟ್ಟಿ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕೊಟ್ಟೂರಿನ ಹೈಸ್ಕೂಲೊಂದರಲ್ಲಿ ಲೆಕ್ಕ ಕಲಿಸುತ್ತಿದ್ದೆ. ಭೂಗೋಳ ಕಲಿಸುವ ಗೆಳೆಯನೊಬ್ಬನಿದ್ದ. ಬೆಂಗಳೂರಿನಿಂದ ಬೊಂಬಾಯಿಗೆ ವಿಮಾನ ಎಷ್ಟು ಹೊತ್ತಿನಲ್ಲಿ ಹೋಗುತ್ತದೆಂದು ಪಾಠ ಮಾಡುವಾಗ, ಅದನ್ನು ತಾನೇ ನಡೆಸಿಕೊಂಡು ಬಂದವನ ಹಾಗೆ ಹೇಳುತ್ತಿದ್ದ. ನಾವಿಬ್ಬರೂ ವಿಮಾನ ಕಂಡದ್ದು ತಲೆಯೆತ್ತಿ ಮಾತ್ರ.

ಒಂದು ದಿನ ಅವನು, "ಹರಪನಹಳ್ಳಿಗೆ ಬಸ್ಸು ತಾಸಿನ ಮ್ಯಾಲೆ ತಗೊಂತೈತಿ. ಪಾರಿವಾಳದಂಗ ಹಾರಿದ್ರ ಹತ್ತೇ ನಿಮಿಷ ನೋಡಲೇ," ಎಂದ.

"ಅರ್ಧ ತಾಸರ ಬೇಕಲೇ," ಎಂದೆ.

ಯಾರ ಮಾತು ನಿಜಕ್ಕೆ ಹತ್ತಿರವೋ ಅವನ ಪರೀಕ್ಷಾ ಪೇಪರುಗಳನ್ನು ಇನ್ನೊಬ್ಬ ತಿದ್ದಬೇಕೆಂದು ಪಂದ್ಯವಾಯಿತು. ನಮ್ಮ ಓಣಿಯ ಟೇಲರ್ ಪಾರಿವಾಳ ಸಾಕಿದ್ದ. ರಜೆಯ ದಿನ ಒಂದನ್ನು ಬುಟ್ಟಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದೆವು. ನನ್ನ ವಾಚನ್ನು ಗೆಳೆಯನ ವಾಚಿಗೆ ಸರಿಹೊಂದಿಸಿ, ಹಕ್ಕಿ ಬಂದ ಹೊತ್ತು ಬರೆದಿಡಲು ಟೇಲರ್ ಕೈಗೆ ಕೊಟ್ಟಿದ್ದೆ.

ಹರಪನಹಳ್ಳಿಯಲ್ಲಿ ಸರಿಯಾಗಿ ಹನ್ನೆರಡಕ್ಕೆ ಬುಟ್ಟಿ ತೆರೆದೆವು. ಹಕ್ಕಿ ಒಂದು ಸುತ್ತು ಹಾಕಿ ಕೊಟ್ಟೂರಿನ ದಿಕ್ಕು ಹಿಡಿಯಿತು.

ನಾವು ಮರಳಿದಾಗ ಅದು ಗೂಡಿನಲ್ಲಿ ಕಾಳು ತಿನ್ನುತ್ತಿತ್ತು. ಟೇಲರ್ ಮಾತ್ರ ಮನೆಯಲ್ಲಿರಲಿಲ್ಲ. ಯಾರದೋ ಮದುವೆಯ ಅಂಗಿಯ ಅಳತೆಗೆಂದು, ಹಕ್ಕಿ ಬರುವ ಮೊದಲೇ ನನ್ನ ವಾಚು ಕಟ್ಟಿಕೊಂಡು ಹೋಗಿದ್ದ.

"ಯಾವಾಗ ಬಂತಕ್ಕಾ?" ಎಂದು ಅವನ ಹೆಂಡತಿಯನ್ನು ಕೇಳಿದೆ.

"ಹನ್ನೆರಡರ ಸೈರನ್ ಆದಾಗ ರೊಟ್ಟಿ ಬಡಿಯಾಕ ಕುಂತಿನ್ರಿ. ಹನ್ನೆರಡನೇ ರೊಟ್ಟಿ ತೆಗಿಯಾಗ ಬಂತು."

ಮರುದಿನ ನಾವಿಬ್ಬರೂ ವಾಚು ಹಿಡಿದು ಆಕೆಯ ಒಲೆಯ ಮುಂದೆ ಕೂತೆವು. ಮೇಷ್ಟ್ರುಗಳು ನೋಡುತ್ತಿದ್ದಾರೆಂದು ಆಕೆ ನಿಮಿಷಕ್ಕೊಂದರಂತೆ ಬಡಿದು ಬಿಸಾಕಿದಳು. ಗೆಳೆಯ ತೊಡೆ ತಟ್ಟಿದ. "ಹನ್ನೆರಡು ನಿಮಿಷ! ಗೆದ್ದೆ!"

"ನಿನ್ನೆ ಹಿಂಗ ಬಡಿದಿದ್ದೇನಕ್ಕಾ?" ಎಂದೆ.

"ಇಲ್ರಿ. ಬಾಜು ಮನಿಯಾಕಿ ಬಂದಿದ್ಲು. ಮಾತಾಡ್ಕೊಂತ ಬಡಿದೆ."

ಬಾಜು ಮನೆಯಾಕೆಯನ್ನು ಕರೆಸಿ, ನಿನ್ನೆ ಆಡಿದ ಮಾತನ್ನೇ ಆಡಿರೆಂದು ಬೇಡಿಕೊಂಡೆ. ಆಕೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ನಿನ್ನೆ ನಿಮ್ಮ ಮನಿಯವರ ಸುದ್ದಿನೇ ಮಾತಾಡಿದ್ವಿರಿ. ನಿಮ್ಮ ಮುಂದ ಹೆಂಗ ಆಡೂದು?"

ಅಲ್ಲಿಗೆ ಸಂಶೋಧನೆ ನಿಂತಿತು. ಬದನೆಕಾಯಿ ಪಲ್ಯದ ಜೊತೆ ಇದ್ದ ರೊಟ್ಟಿಗಳನ್ನು ಎಲ್ಲರೂ ಹಂಚಿಕೊಂಡು ತಿಂದೆವು. ಪೇಪರುಗಳನ್ನು ಅವರವರದನ್ನು ಅವರವರೇ ತಿದ್ದಿಕೊಂಡೆವು. ಸೋಲಲಿಲ್ಲವೆಂಬ ಸಮಾಧಾನಕ್ಕಿಂತ, ನನ್ನ ಹೆಂಡತಿಯ ಬಗ್ಗೆ ಅವರಿಬ್ಬರೂ ಏನು ಮಾತಾಡಿಕೊಂಡರೆಂಬ ಕುತೂಹಲವೇ ನನಗೆ ಹೆಚ್ಚಾಗಿತ್ತು. ಮನೆಯಲ್ಲಿ ಕೇಳುವ ಧೈರ್ಯವಾಗಲಿಲ್ಲ.

ಮುಂದಿನ ವಾರ ಗೆಳೆಯ, ಹಡಗಲಿಯಿಂದ ಹಕ್ಕಿ ಬಿಟ್ಟು ನೋಡೋಣವೆಂದ. ಟೇಲರ್ ಕೂಡಲೇ ಒಪ್ಪಿದ. ಅವನ ಹೆಂಡತಿ ಒಳಗಿನಿಂದಲೇ ಕೂಗಿದಳು:

"ಹಡಗಲಿ ಭಾಳ ದೂರ ಐತ್ರಿ ಮೇಷ್ಟ್ರೆ, ಅಷ್ಟು ಹಿಟ್ಟು ಮನ್ಯಾಗ ಇಲ್ಲ!"